ಬೀಗದ ಕೈಗೊಂಚಲೂ ಶಾಲೆಯ ಮಕ್ಕಳೂ

ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಬಾಲಕನೊಬ್ಬನು ಹಠಾತ್ತನೆ ನೆಲಕ್ಕುರುಳಿ, ಕೈಕಾಲು ಸೆಟೆದು ಅದುರತೊಡಗಿದೊಡನೆ, ಒಬ್ಬರು ಬೀಗದ ಕೈಗೊಂಚಲನ್ನು ಅವನ ಮುಷ್ಟಿಗೆ ತುರುಕುವುದೂ, ಇನ್ನೊಬ್ಬರು ಹಲ್ಲುಗಳ ನಡುವೆ ಚಮಚವನ್ನು ಒತ್ತುವುದೂ ನಮ್ಮಲ್ಲಿ ಇಂದಿಗೂ ಕಾಣಬರುವ ಉಪಚಾರ. ಎರಡರ ಹಿಂದೆಯೂ ಇರುವುದು ಕರುಣೆಯೇ ಸರಿ; ಆದರೆ ಕಬ್ಬಿಣದ ಸ್ಪರ್ಶದಿಂದ ನಿಂತಿತೆಂದು ನಾವು ನಂಬುವ ಸೆಳವು, ಮಿದುಳಿನ ನರಕೋಶಗಳ ಉದ್ರೇಕವು ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ಶಮನಹೊಂದಿದ್ದರಿಂದ ನಿಂತದ್ದು; ಚಮಚವಾದರೋ ಹಲ್ಲನ್ನು ಮುರಿಯಬಲ್ಲುದು, ಉಸಿರಿಗೆ ಅಡ್ಡಬರಬಲ್ಲುದು.

ಮಾಡಬೇಕಾದುದು ಅಲ್ಪ: ಗಡಿಯಾರ ನೋಡಿಕೊಂಡು, ಸುತ್ತಲ ಬೆಂಚುಗಳನ್ನು ಸರಿಸಿ, ತಲೆಯಡಿ ಮಡಿಸಿದ ಬಟ್ಟೆಯಿಟ್ಟು, ಕೊರಳ ಟೈ ಸಡಿಲಿಸಿ, ಜೊಲ್ಲು ಹೊರಹರಿಯುವಂತೆ ಮಗುವನ್ನು ಮಗ್ಗುಲಿಗೆ ಹೊರಳಿಸಿ, ಪೂರ್ಣ ಎಚ್ಚರ ಮರಳುವವರೆಗೆ ಬಳಿಯಲ್ಲಿರುವುದು. ಅದುರುವ ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಸೆಳವು 5 ನಿಮಿಷ ಮೀರಿದರೆ, ಒಂದರ ಬೆನ್ನಿಗೆ ಇನ್ನೊಂದು ಬಂದರೆ, ಅಥವಾ ಅದು ಆ ಮಗುವಿಗೆ ಮೊದಲನೆಯದಾದರೆ, 108ಕ್ಕೆ ಕರೆಮಾಡತಕ್ಕದ್ದು. ಕೆಲವು ಮಕ್ಕಳಿಗೆ ವೈದ್ಯರು ಸೆಳವು ನಿಲ್ಲಿಸಲೆಂದು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಎಂಬ ಔಷಧವನ್ನು ಬರೆದುಕೊಟ್ಟಿರುತ್ತಾರೆ. ಅದು ಯಾವ ಬೀರುವಿನಲ್ಲಿದೆಯೆಂಬುದು ತರಗತಿಯ ಉಪಾಧ್ಯಾಯರಿಗೆ ತಿಳಿದಿರಬೇಡವೆ?

ನೆಲಕ್ಕೆ ಬೀಳಿಸದ ಅಪಸ್ಮಾರವೂ, ಅಂದರೆ ಮೂರ್ಛೆರೋಗವೂ, ಉಂಟು. ನನ್ನನ್ನು ಹೆಚ್ಚು ಕಲಕುವುದು ಅದೇ. ಮಗ್ಗಿ ಒಪ್ಪಿಸುತ್ತಿದ್ದ ಹುಡುಗಿ ನಡುವೆಯೇ ಮಾತು ನಿಲ್ಲಿಸಿ, ಹತ್ತು ಹದಿನೈದು ಸೆಕೆಂಡುಗಳ ಕಾಲ ಶೂನ್ಯದೃಷ್ಟಿಯಿಂದ ನೋಡಿ, ರೆಪ್ಪೆ ಅದುರಿಸಿ, ಏನೂ ಆಗದವಳಂತೆ ಮತ್ತೆ ಮುಂದುವರಿಸುತ್ತಾಳೆ. ದಿನಕ್ಕೆ ಹತ್ತಾರು ಬಾರಿ ಹೀಗಾಗುವ ಆಕೆಗೆ ದೊರೆಯುವುದು ಚಿಕಿತ್ಸೆಯಲ್ಲ, ಅನ್ಯಮನಸ್ಕಳೆಂಬ ಬೈಗುಳ. ಇದನ್ನು ಮನೆಯವರಿಗಿಂತ ಮೊದಲು ಕಾಣಬಲ್ಲವರು ಉಪಾಧ್ಯಾಯರೇ ಆದುದರಿಂದ, ಅವರ ಪ್ರಶಿಕ್ಷಣದಲ್ಲಿ ಇದಕ್ಕೆ ಸ್ಥಾನವಿರಲೇಬೇಕು.

ತಾಯಿತಂದೆಯರು ರೋಗವನ್ನು ಶಾಲೆಗೆ ತಿಳಿಸುವುದಿಲ್ಲವೆಂಬ ದೂರು ಸತ್ಯ. ಆದರೆ ಹಿಂದೂ ವಿವಾಹ ಅಧಿನಿಯಮವೇ 1999ರ ತಿದ್ದುಪಡಿಯವರೆಗೆ ಅಪಸ್ಮಾರವನ್ನು ವಿವಾಹಕ್ಕೆ ಅಡ್ಡಿಯೆಂದು ಎಣಿಸಿದ್ದ ನಾಡಿನಲ್ಲಿ, ಮಗಳ ಫಿಟ್ಸನ್ನು ಮುಚ್ಚಿಡುವ ತಾಯಿಯನ್ನು ಹೇಗೆ ದೂಷಿಸೋಣ? ಕ್ರಮವಾಗಿ ಔಷಧ ಸೇವಿಸಿದರೆ ನೂರಕ್ಕೆ ಸುಮಾರು 70 ಮಂದಿ ಸೆಳವಿಲ್ಲದೆ ಬಾಳಬಲ್ಲರು. ಮುಚ್ಚುಮರೆಯಿಂದ ಮೊದಲು ತಪ್ಪಿಹೋಗುವುದು ಆ ಔಷಧದ ಹೊತ್ತೇ. ಆದಕಾರಣ ಶಾಲೆಯು ರೋಗದ ವಿವರವನ್ನೂ ವೈದ್ಯರ ಸೂಚನೆಯನ್ನೂ ಬರೆದುಕೊಡಿರೆಂದು ಕೇಳುವ ಮುನ್ನ, ಈ ಕಾರಣದಿಂದ ಯಾವ ಮಗುವನ್ನೂ ಹೊರಹಾಕುವುದಿಲ್ಲ, ಆಟದಿಂದಲೂ ಪ್ರವಾಸದಿಂದಲೂ ದೂರವಿಡುವುದಿಲ್ಲವೆಂದು ಮುಖ್ಯೋಪಾಧ್ಯಾಯರು ತಮ್ಮ ಸಹಿಯೊಡನೆ ಪೋಷಕರಿಗೆ ಬರೆದುಕೊಡತಕ್ಕದ್ದು.