ಇದಕ್ಕೆ ಬೇಟೆ ಅನ್ನಬೇಡಿ

ಯುಗಾದಿ ಮುಗಿದು ಬಿಸಿಲು ಏರತೊಡಗಿತೆಂದರೆ ನಮ್ಮ ಬನಹಟ್ಟಿ ಕಡೆಯ ಕೆಲವು ಗಂಡಸರಿಗೆ ಬೆಳಗಿನ ನಿದ್ದೆ ಹತ್ತುವುದಿಲ್ಲ. ಓಣಿಯಲ್ಲಿ ಮಗ್ಗದ ಸಪ್ಪಳ ಇನ್ನೂ ಶುರುವಾಗಿರುವುದಿಲ್ಲ, ಇವರು ಅರಿವೆ ಮುಚ್ಚಿದ ಪಂಜರವನ್ನು ಮೋಟರ್‌ಸೈಕಲ್ಲಿಗೆ ತೂಗುಹಾಕಿಕೊಂಡು ಹೊಲದ ದಾರಿ ಹಿಡಿದಿರುತ್ತಾರೆ. ಪಂಜರದೊಳಗೆ ಒಂದು ಸಾಕಿದ ಕೌಜುಗ. ಬಿಸಿಲೇರುವಷ್ಟರಲ್ಲಿ ಕೈಚೀಲದಲ್ಲಿ ಮೂರೋ ನಾಲ್ಕೋ ಹಕ್ಕಿ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕೂತು, "ಶಿಕಾರಿಗೆ ಹೋಗಿದ್ವಿ" ಎಂದು ಮೀಸೆ ತಿರುವುತ್ತಾರೆ. ನನ್ನ ತಕರಾರು ಆ ಮಾತಿನ ಮೇಲೆಯೇ.

ಶಿಕಾರಿ ಎಂದರೆ ಏನು ಮಾಡುತ್ತಾರೆ, ಕೇಳಿ. ಕೌಜುಗ ಜೋಡಿಯಾಗಿ ಬಾಳುವ ಹಕ್ಕಿ. ಬದುವಿನ ಮುಳ್ಳುಕಂಟಿಯ ಬುಡದಲ್ಲಿ ನೆಲ ಕೆದರಿ, ನಾಲ್ಕು ಎಸಳು ಒಣಹುಲ್ಲು ಹಾಸಿ ತತ್ತಿ ಇಡುತ್ತದೆ. ಮರಿಗಳನ್ನು ತಾಯಿ ತಂದೆ ಇಬ್ಬರೂ ಕೂಡಿ ಕಾಯುತ್ತಾರೆ. ಗೂಡಿನ ಕಾಲದಲ್ಲಿ ಗಂಡುಹಕ್ಕಿಗೆ ತನ್ನ ಎಲ್ಲೆಯ ಮೇಲೆ ಎಲ್ಲಿಲ್ಲದ ಎಚ್ಚರ. ಬೇರೊಂದು ಗಂಡು ಹತ್ತಿರ ಬಂದು ಕೂಗಿದರೆ ಸಹಿಸುವುದಿಲ್ಲ. ಪಂಜರವನ್ನು ಕಂಟಿಯ ಮರೆಗಿಟ್ಟು ಅರಿವೆ ಸರಿಸಿದರೆ ಒಳಗಿನ ಹಕ್ಕಿ ಕೂಗುತ್ತದೆ. ಹೊಲದ ಹಕ್ಕಿ ಮಾರುತ್ತರ ಕೊಡುತ್ತ, ಕುತ್ತಿಗೆ ನಿಗುರಿಸಿಕೊಂಡು ಓಡೋಡಿ ಬರುತ್ತದೆ. ಅದರ ಬೆನ್ನಿಗೆ ಹೆಣ್ಣೂ ಬರುವುದುಂಟು. ಸುತ್ತ ಒಡ್ಡಿದ ಉರುಲಿಗೆ ಕಾಲು ಸಿಗುತ್ತದೆ. ಶೂರರು ಅಲ್ಲಿಯವರೆಗೆ ಗಿಡದ ನೆರಳಲ್ಲಿ ಬೀಡಿ ಸೇದುತ್ತ ಕೂತಿರುತ್ತಾರೆ. ಮನೆ ಕಾಯಲು ಬಂದವನನ್ನು ಹೊಸ್ತಿಲಲ್ಲೇ ಹಿಡಿದು ಕೊರಳು ಮುರಿಯುವುದರಲ್ಲಿ ಯಾವ ಗಂಡಸುತನವಿದೆಯೋ, ಅವರೇ ಹೇಳಬೇಕು.

ಹೀಗೆ ಮೋಸಕ್ಕೆ ಪಳಗಿಸಿದ ಪ್ರಾಣಿಗೆ ಹಳಗನ್ನಡದಲ್ಲಿ ದೀವ ಎಂಬ ಹೆಸರೇ ಇದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ, ಪಳಗಿಸಿದ ಜಿಂಕೆಯನ್ನು ಬಿಟ್ಟು ಕಾಡು ಜಿಂಕೆಯನ್ನು ಸೆಳೆಯುವ ಬಗೆಯೂ ಬರುತ್ತದೆ. "ನೋಡ್ರಿ ಅಕ್ಕೋರ, ಅರಸರೇ ಮಾಡ್ತಿದ್ರು" ಎಂದು ಇದನ್ನು ನನ್ನ ಮುಂದೆಯೇ ಆಡಿದವರಿದ್ದಾರೆ. ಅರಸರು ನೂರೆಂಟು ಮಾಡುತ್ತಿದ್ದರು. ಅವೆಲ್ಲವನ್ನೂ ನಾವು ನಡೆಸಿಕೊಂಡು ಬಂದಿಲ್ಲ. ನನಗೆ ಮಾರೀಚನ ನೆನಪಾಗುತ್ತದೆ. ಬಂಗಾರದ ಜಿಂಕೆಯ ರೂಪ ಸಾಲದೆಂದು, ಸಾಯುವಾಗ ರಾಮನ ದನಿಯಲ್ಲೇ ಕೂಗಿದನಲ್ಲ, ಆ ದನಿಯೇ ಸೀತೆಯ ಮನೆ ಮುರಿಯಿತು. ಜಿಂಕೆ ಬೇಡಿದ್ದಕ್ಕೆ ಸೀತೆಯನ್ನು ಇಂದಿಗೂ ಆಡಿಕೊಳ್ಳುವವರು, ದನಿ ಕದ್ದವನ ಬಗ್ಗೆ ಅಷ್ಟು ಮಾತಾಡುವುದನ್ನು ನಾನಂತೂ ಕೇಳಿಲ್ಲ.

ಅಮೆರಿಕದಲ್ಲಿಯೂ ವಸಂತಕಾಲಕ್ಕೆ ಟರ್ಕಿಕೋಳಿಯ ಬೇಟೆ ನಡೆಯುತ್ತದೆ. ಪ್ಲಾಸ್ಟಿಕ್ಕಿನ ಹೆಣ್ಣುಕೋಳಿಯನ್ನು ಹೊಲದಲ್ಲಿ ನಿಲ್ಲಿಸಿ, ಅದರಂತೆ ದನಿ ಮಾಡಿ ಹುಂಜವನ್ನು ಕರೆಯುತ್ತಾರೆ. ಅದನ್ನು ನಾನು ಮೆಚ್ಚಿದೆನೆಂದಲ್ಲ. ಆದರೆ ಅದಕ್ಕೆ ಲೈಸೆನ್ಸು, ಇಂತಿಷ್ಟೇ ದಿನ ಎಂಬ ಕಟ್ಟು ಇದೆ; ವಸಂತದಲ್ಲಿ ಸಾಮಾನ್ಯವಾಗಿ ಹುಂಜವನ್ನಷ್ಟೇ ಹೊಡೆಯಬೇಕು. ಟರ್ಕಿಯ ಹುಂಜ ಮರಿ ಸಾಕುವ ಗೋಜಿಗೆ ಹೋಗುವುದೂ ಇಲ್ಲ. ಬಾತುಗಳ ಬೇಟೆಯಲ್ಲಿ ಜೀವಂತ ಬಾತುಗಳನ್ನು ಕಟ್ಟಿ ಕರೆಯುವುದನ್ನು ಆ ದೇಶ 1935ರಲ್ಲೇ ನಿಲ್ಲಿಸಿತು. ನಮ್ಮ ಉರುಲಿಗೆ ಗಂಡು ಯಾವುದು, ಹೆಣ್ಣು ಯಾವುದು, ತತ್ತಿ ಇರುವುದು ಯಾವುದಕ್ಕೆ?

"ಹರಣಶಿಕಾರಿಗಳ ಹೊಟ್ಟೆಪಾಡು ಅದು" ಎನ್ನುವ ಮಾತೊಂದು ಉಂಟು. ಅವರ ಹೆಸರು ಎತ್ತಬೇಡಿ. ಅಲೆಮಾರಿಗಳಾದ ಎಷ್ಟೋ ಜನರನ್ನು ಬ್ರಿಟಿಷರು 1871ರ ಕಾಯ್ದೆ ಮಾಡಿ ಹುಟ್ಟಾ ಅಪರಾಧಿಗಳೆಂದು ಬರೆದಿಟ್ಟರು. 1952ರಲ್ಲಿ ಆ ಕಾಯ್ದೆ ಹೋಯಿತು, ಹಣೆಪಟ್ಟಿ ಹೋಗಲಿಲ್ಲ. ಇಂದಿಗೂ ಎಲ್ಲಿಯಾದರೂ ಬಲೆ ಸಿಕ್ಕರೆ ಮೊದಲು ಅನುಮಾನ ಹೋಗುವುದು ಅವರ ಗುಡಿಸಲಿನ ಕಡೆಗೆ. ನಾನು ಹೇಳುತ್ತಿರುವುದು ಹೊಟ್ಟೆ ತುಂಬಿದವರ ಮಾತು. ಎರಡು ಮಹಡಿ ಮನೆಯಿದ್ದು, ವಾರಕ್ಕೆರಡು ದಿನ ಕೋಳಿ ತರುವವರು, ಬಡವರ ಬೆನ್ನ ಹಿಂದೆ ಅಡಗುವುದು ಇನ್ನೊಂದು ಪಂಜರದಾಟ.

ಕಾಯ್ದೆಯ ಮಾತಿಗೆ ಬಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೌಜುಗಕ್ಕೂ ಉಂಟು. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಲು ಹಾಕುವುದು, ಆಮಿಷ ಒಡ್ಡಿ ಕರೆಯುವುದು ಎಲ್ಲವನ್ನೂ ಅದು ಬೇಟೆ ಎಂದೇ ಎಣಿಸುತ್ತದೆ. ಹೋಟೆಲುಗಳಲ್ಲಿ ಗೌಜಲಹಕ್ಕಿ ಎಂದು ಸಿಗುವುದು ಫಾರಮ್ಮಿನ ಜಪಾನಿ ಹಕ್ಕಿ, ಅದು ಬೇರೆ. ಆ ಹೆಸರಿನ ಮರೆಯಲ್ಲಿ ಹೊಲದ ಹಕ್ಕಿಯನ್ನು ದಾಟಿಸುವ ಜಾಣರಿದ್ದಾರೆ. ಈಗಂತೂ ಪಂಜರವೂ ಬೇಡವಾಗಿದೆ. ನಮ್ಮ ಸಾಲೆಯ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನ ಮೊಬೈಲಿನಲ್ಲಿ ಕೌಜುಗದ ಕೂಗು ಇತ್ತು. "ನಮ್ಮ ಕಾಕಾ ಹಾಕಿಕೊಟ್ಟಾರ್ರೀ" ಎಂದ. ಹಕ್ಕಿಯ ದನಿಯನ್ನು ಮಕ್ಕಳು ಹೀಗೆ ಕಲಿಯುತ್ತಿದ್ದಾರೆ.

ನಾನೂ ಮಾಂಸ ತಿನ್ನುವ ಮನೆಯವಳೇ, ಆದ್ದರಿಂದ ಸೊಪ್ಪು ತಿನ್ನುವವಳ ಉಪದೇಶವೆಂದು ಇದನ್ನು ತಳ್ಳಿಹಾಕುವಂತಿಲ್ಲ. ನನ್ನ ಮಾತು ಗಂಡಸರಿಗಿಂತ ಅಡುಗೆಮನೆಯಲ್ಲಿರುವ ನಮಗೇ ಹೆಚ್ಚು. ಕಟ್ಟೆಯ ಮೇಲೆ ಮೀಸೆ ತಿರುವುವವರು ಅವರು. ಪುಚ್ಚ ತರಿದು, ಹೊಟ್ಟೆ ಬಗೆದು, ಮಸಾಲೆ ಅರೆಯುವವರು ನಾವು. ಒಳಗೆ ಏನಿರುತ್ತದೆಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ನಮ್ಮ ಓಣಿಯ ಒಬ್ಬಾಕೆ ಹೋದ ಬೇಸಿಗೆಯಲ್ಲಿ ಹಕ್ಕಿ ಹಸನ ಮಾಡುತ್ತಿದ್ದಾಗ ಒಳಗೆ ತತ್ತಿ ಸಿಕ್ಕಿತು. ಸಿಪ್ಪೆ ಕಟ್ಟಿ ಪೂರಾ ಆದ ತತ್ತಿ. ಆಕೆ ತಾಟನ್ನು ಹಾಗೆಯೇ ಎತ್ತಿಕೊಂಡು ಹೋಗಿ ಕಟ್ಟೆಯ ಮೇಲೆ, ನಾಲ್ಕು ಮಂದಿ ಗೆಳೆಯರ ನಡುವೆ ಕೂತಿದ್ದ ಗಂಡನ ಮುಂದೆ ಇಟ್ಟಳು.

"ತಂದವ್ರು ನೀವ, ಇನ್ನ ಹಸನ ಮಾಡವ್ರೂ ನೀವ ಆಗ್ರಿ. ನನ್ನ ಒಲಿ ಮ್ಯಾಲ ಇದು ಏರಂಗಿಲ್ಲ."

ಅಂದು ಆ ಮನೆಯಲ್ಲಿ ರೊಟ್ಟಿಗೆ ಪುಂಡಿಪಲ್ಯ.