ಫಿಟ್ಸ್ ತಪಾಸಣೆಯಲ್ಲಿ ಗೊರಕೆಯನ್ನೂ ವಿಚಾರಿಸಿ



ಮೂರ್ಛೆರೋಗ ಹತೋಟಿಗೆ ಬರದಿದ್ದರೆ ಮಾತ್ರೆಯ ಪ್ರಮಾಣ ಹೆಚ್ಚಿಸುವುದು, ಇಲ್ಲವೇ ಇನ್ನೊಂದು ಮಾತ್ರೆ ಸೇರಿಸುವುದು ವಾಡಿಕೆ. ರೋಗಿ ರಾತ್ರಿ ಹೇಗೆ ಉಸಿರಾಡುತ್ತಾರೆ ಎಂದು ಕೇಳುವವರು ಕಡಿಮೆ. ಔಷಧಕ್ಕೆ ಬಗ್ಗದ ಮೂರ್ಛೆರೋಗಿಗಳನ್ನು ನಿದ್ರಾಪರೀಕ್ಷೆಗೆ ಒಳಪಡಿಸಿದ, 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಸ್ಲೀಪ್ ಆಪ್ನಿಯಾ ಕಂಡುಬಂತು. ಈ ತೊಂದರೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ; ಹತ್ತು ಸೆಕೆಂಡೋ ಅದಕ್ಕೂ ಹೆಚ್ಚೋ ಉಸಿರು ನಿಲ್ಲುತ್ತದೆ; ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ತಟ್ಟನೆ ಎಚ್ಚರಗೊಂಡು ಮತ್ತೆ ನಿದ್ದೆಗೆ ಜಾರುತ್ತದೆ. ತೀವ್ರವಾದಾಗ ರಾತ್ರಿಯೊಂದರಲ್ಲಿ ನೂರಾರು ಬಾರಿ ಹೀಗಾಗುತ್ತದೆ. ನಿದ್ದೆಗೆಟ್ಟರೆ ಫಿಟ್ಸ್ ಬರಬಹುದೆಂದು ವೈದ್ಯರೇ ಎಚ್ಚರಿಸುತ್ತಾರೆ. ಆಪ್ನಿಯಾ ಇರುವವರು ಎಂಟು ಗಂಟೆ ಮಲಗಿಯೂ ನಿದ್ದೆಗೆಟ್ಟವರೇ.

ಮೂರ್ಛೆರೋಗ, ಆಪ್ನಿಯಾ ಎರಡೂ ಒಟ್ಟಿಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೇ? ನ್ಯಾಯವಾದ ಪ್ರಶ್ನೆ. ಫಿಟ್ಸ್‌ಗೆ ಕೊಡುವ ಮಾತ್ರೆಗಳಲ್ಲಿ ವಾಲ್ಪ್ರೊಯೇಟ್ ಮೈತೂಕ ಹೆಚ್ಚಿಸಬಲ್ಲದು, ಕ್ಲೋಬಜಾಮ್ ಗುಂಪಿನ ಔಷಧಗಳು ಗಂಟಲನ್ನು ಇನ್ನಷ್ಟು ಸಡಿಲಿಸಬಲ್ಲವು; ಅಂದರೆ ಚಿಕಿತ್ಸೆಯೇ ಆಪ್ನಿಯಾಕ್ಕೆ ದಾರಿಯಾಗಬಹುದು. ಆದರೂ ಗಾಳಿಯ ಒತ್ತಡದಿಂದ ಉಸಿರಿನ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಮಲಗುವಾಗ ತಪ್ಪದೆ ಬಳಸಿದವರಲ್ಲಿ ಫಿಟ್ಸ್ ತಗ್ಗಿದ್ದನ್ನು ಹಲವು ಅಧ್ಯಯನಗಳು ದಾಖಲಿಸಿವೆ. ಅವು ಬಹುಪಾಲು ಸಣ್ಣವು, ನಿಜ. ಆದರೆ ಆಪ್ನಿಯಾ ರಕ್ತದೊತ್ತಡವನ್ನೂ ಏರಿಸುವುದರಿಂದ ಅದಕ್ಕೆ ಹೇಗೂ ಚಿಕಿತ್ಸೆ ಬೇಕು. ಪರೀಕ್ಷೆ, ಯಂತ್ರ ಎರಡೂ ದುಬಾರಿ ಎಂಬ ಆಕ್ಷೇಪ ಬಡವರ ಮಟ್ಟಿಗೆ ದೊಡ್ಡದೇ. ಹಾಗೆಂದು ಮೊದಲ ಹೆಜ್ಜೆಗೆ ದುಡ್ಡು ಬೇಕಿಲ್ಲ: ಜೋರು ಗೊರಕೆ, ನಡುವೆ ಉಸಿರು ನಿಲ್ಲುವುದು, ಹಗಲು ತೂಕಡಿಕೆ ಇವೆಯೇ ಎಂದು ಮನೆಯವರನ್ನು ಕೇಳಿದರೆ ಸಾಕು. ಇಳಿವಯಸ್ಸಿನಲ್ಲಿ ಫಿಟ್ಸ್ ಶುರುವಾದವರಲ್ಲಿ, ಉಲ್ಬಣಿಸಿದವರಲ್ಲಿ ಇದನ್ನು ಕೇಳಲೇಬೇಕು. ಯಂತ್ರ ಬಂತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.