ಅಗ್ಗದ ದ್ವೀಪಕ್ಕೆ ಬೆಲೆ ತೆರುವವರು ಯಾರು?

‘ಕಡಿಮೆ ಖರ್ಚಿನಲ್ಲಿ ಸ್ವರ್ಗ’ ಎಂಬ ಸರಕು ಈಗ ನಮ್ಮ ಮಲೆನಾಡಿನ ಕಾಲೇಜು ವಿದ್ಯಾರ್ಥಿಗಳ ಕೈಗೂ ಬಂದು ತಲುಪಿದೆ. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗು, ಅದರ ಕೆಳಗೊಂದು ಅಂಕಿ: ನಾಲ್ಕು ದಿನ, ಮೂರು ರಾತ್ರಿ, ಇಷ್ಟೇ ರೂಪಾಯಿ. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಲಕ್ಷದ್ವೀಪಕ್ಕೆ ಭೇಟಿ ಕೊಟ್ಟು ಅಲ್ಲಿನ ಚಿತ್ರಗಳನ್ನು ಪ್ರಕಟಿಸಿದ ಮೇಲಂತೂ, ಮಾಲ್ಡೀವ್ಸ್‌ಗೆ ಹೋಗಲಾರದವರ ಮಾಲ್ಡೀವ್ಸ್ ಎಂಬ ಹೆಸರು ಆ ಪುಟ್ಟ ದ್ವೀಪಗಳಿಗೆ ಅಂಟಿಕೊಂಡಿತು. ಮರುತಿಂಗಳ ಮಧ್ಯಂತರ ಬಜೆಟ್ಟಿನಲ್ಲಿ ದ್ವೀಪಗಳ ಪ್ರವಾಸೋದ್ಯಮಕ್ಕೆ ಪ್ರತ್ಯೇಕ ಮಾತು ಬಂತು.

ಬಡವರ ಮಕ್ಕಳು ಸಮುದ್ರ ನೋಡಬಾರದೆಂದು ಈ ಲೇಖಕನ ವಾದವಲ್ಲ. ಕೂಡಿಟ್ಟ ಹಣದಲ್ಲಿ ಹಡಗು ಹತ್ತುವ ವಿದ್ಯಾರ್ಥಿಗೂ ಆ ನೀಲಿಯ ಮೇಲೆ ಸಿರಿವಂತನಷ್ಟೇ ಹಕ್ಕಿದೆ. ನನ್ನ ತಕರಾರು ಇರುವುದು ಲೆಕ್ಕದ ಬಗ್ಗೆ. ಯಾವ ವಸ್ತುವೂ ತಾನಾಗಿಯೇ ಅಗ್ಗವಾಗುವುದಿಲ್ಲ. ಕೊಳ್ಳುವವನು ಕೊಡದೆ ಉಳಿಸಿದ ಪಾಲನ್ನು ಬೇರೊಬ್ಬರು ತೆರುತ್ತಿರುತ್ತಾರೆ. ಅಡಕೆ, ಕಾಫಿ, ಏಲಕ್ಕಿ ಬೆಳೆದು ಮಾರುವ ನಮಗೆ ಈ ಸತ್ಯವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಲಕ್ಷದ್ವೀಪ ನಮಗೆ ತೀರಾ ದೂರದ ನಾಡೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳ ಅಮಿನ್‌ದಿವಿ ಗುಂಪು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟಿತ್ತು. 1799ರ ನಂತರ ಕಂಪನಿ ಸರ್ಕಾರ ಅದನ್ನು ಮಂಗಳೂರಿನಿಂದ ಆಳಿತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೂ ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಅತ್ತ ಹೋಗುತ್ತ ಬಂದಿವೆ. ಆ ದ್ವೀಪಗಳ ಒಳಿತು ಕೆಡುಕುಗಳ ಬಗ್ಗೆ ಮಾತನಾಡಲು ನಮಗೆ ನೆರೆಹೊರೆಯ ಹಕ್ಕಿದೆ. ನೆರೆಹೊರೆಯ ಹೊಣೆಯೂ ಇದೆ.

ಮೊದಲು ಆ ನೆಲವನ್ನು ಅರಿಯೋಣ. ಒಟ್ಟು ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರ್. ನಮ್ಮ ಕಡೆಯ ಕೆಲವೇ ಗ್ರಾಮಗಳನ್ನು ಸೇರಿಸಿದರೆ ಅಷ್ಟಾಗುತ್ತದೆ. 36 ದ್ವೀಪಗಳೆಂದು ಪುಸ್ತಕದಲ್ಲಿದ್ದರೂ ಊರು ಎಂಬುದಿರುವುದು ಹತ್ತರಲ್ಲಿ ಮಾತ್ರ. 2011ರ ಜನಗಣತಿಯಂತೆ ಜನಸಂಖ್ಯೆ 64,473, ಅಂದರೆ ಚದರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಹೆಚ್ಚು. ಅದೇ ಗಣತಿಯಲ್ಲಿ ಕೊಡಗಿನಲ್ಲಿದ್ದದ್ದು 135. ‘ಖಾಲಿ ಬಿದ್ದ ಸ್ವರ್ಗ’ ಎಂದು ಜಾಹೀರಾತು ಬಣ್ಣಿಸುವ ತಾಣ ವಾಸ್ತವದಲ್ಲಿ ಕಿಕ್ಕಿರಿದ ಹಳ್ಳಿ.

ಆ ಹಳ್ಳಿ ನಿಂತಿರುವುದು ಬಂಡೆಯ ಮೇಲಲ್ಲ. ಹವಳವೆಂಬ ಸಣ್ಣ ಜೀವಿಗಳು ಸಾವಿರಾರು ವರ್ಷ ಸುಣ್ಣವನ್ನು ಒಸರಿ ಕಟ್ಟಿದ ದಿಬ್ಬದ ಮೇಲೆ, ಅವುಗಳ ಅಸ್ಥಿ ಸವೆದು ಆದ ಮರಳು ಸಂಗ್ರಹವಾಗಿ ದ್ವೀಪವಾಗಿದೆ. ಬಹುಪಾಲು ಜಾಗ ಸಮುದ್ರಮಟ್ಟದಿಂದ ಒಂದೆರಡು ಮೀಟರು ಎತ್ತರ. ಹೊಳೆಯಿಲ್ಲ, ತೊರೆಯಿಲ್ಲ, ಕೆರೆಗಳೆಂಬುದಿಲ್ಲ. ಮಣ್ಣೆಂದರೆ ಸುಣ್ಣದ ಮರಳು. ಸಾವಯವ ಅಂಶ ಅತ್ಯಲ್ಪ, ಕ್ಷಾರತೆ ಅಧಿಕ. ತೆಂಗು ಅಲ್ಲಿ ಬೆಳೆಯುವುದು ಆ ಮರದ ಸಹನೆಯಿಂದ.

ಇನ್ನು ನೀರು. ಮಿನಿಕಾಯ್ ದ್ವೀಪದಲ್ಲಿ ವರ್ಷಕ್ಕೆ ಸುಮಾರು 1600 ಮಿಲಿಮೀಟರ್ ಮಳೆಯಾಗುತ್ತದೆ. ಅದು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತದೆ, ಎಣ್ಣೆ ನೀರಿನ ಮೇಲೆ ತೇಲುವಂತೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ಇವೆರಡರ ಸಮತೋಲದ ನಿಯಮದಂತೆ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿರುವ ಸಿಹಿನೀರು, ಸಿದ್ಧಾಂತದಲ್ಲಿ ನಲವತ್ತು ಅಡಿ ಸಿಹಿನೀರನ್ನು ಕೆಳಗೆ ಹಿಡಿದಿಡುತ್ತದೆ. ಮೇಲಿಂದ ಒಂದು ಅಡಿ ಎತ್ತಿದರೆ ಕೆಳಗಿನಿಂದ ಉಪ್ಪು ಅದರ ಹಲವು ಪಟ್ಟು ಏರುತ್ತದೆ. ಹವಳದ್ವೀಪಗಳಲ್ಲಿ ಈ ಮಸೂರ ಕೆಲವೇ ಮೀಟರು ದಪ್ಪ. ಕೈಯಿಂದ ಸೇದಿದ ಬಾವಿ ತಲೆತಲಾಂತರ ಬಾಳಿತು; ಪಂಪು ಕೂಡಿಸಿದ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಅದೇ ಮರಳಿನಲ್ಲಿ ಶೌಚಗುಂಡಿಯೂ ಇದೆ, ಬಾವಿಯೂ ಇದೆ. ನಡುವೆ ಸೋಸಲು ಜೇಡಿಮಣ್ಣಿನ ಪದರವಿಲ್ಲ.

ಸಮುದ್ರದ ನೀರನ್ನು ಸಿಹಿ ಮಾಡಬಹುದಲ್ಲ ಎನ್ನುವವರಿದ್ದಾರೆ. ಮಾಡಿದ್ದಾರೆ ಕೂಡ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ಸ್ಥಾಪಿಸಿದ ಘಟಕ, ಆಳಸಮುದ್ರದ ತಣ್ಣೀರನ್ನು ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸಾಮರ್ಥ್ಯದ್ದು. ಶ್ಲಾಘ್ಯವಾದ ಸಾಧನೆ. ಆದರೆ 2011ರಲ್ಲೇ ಕವರತ್ತಿಯಲ್ಲಿದ್ದವರು ಹನ್ನೊಂದು ಸಾವಿರಕ್ಕೂ ಹೆಚ್ಚು ಜನ. ಭಾಗಿಸಿ ನೋಡಿ: ತಲೆಗೆ ದಿನಕ್ಕೆ ಒಂಬತ್ತು ಲೀಟರಿನಷ್ಟು. ಶವರಿನಡಿ ಹತ್ತು ನಿಮಿಷ ನಿಲ್ಲುವ ಅತಿಥಿ ಎಷ್ಟು ಮಂದಿಯ ಪಾಲನ್ನು ಚರಂಡಿಗೆ ಬಿಟ್ಟನೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. ಆ ನೀರನ್ನು ಎತ್ತುವ ವಿದ್ಯುತ್ತು ಬಹುಪಾಲು ಡೀಸೆಲ್ಲಿನದು. ಆ ಡೀಸೆಲ್ ಹಡಗಿನಲ್ಲಿ ಬರಬೇಕು.

ಹಡಗಿನ ಮಾತು ಬಂತು. ನಮಗೆ ಬಸ್ಸು ಹೇಗೋ ದ್ವೀಪದವರಿಗೆ ಹಡಗು ಹಾಗೆ. ಕೊಚ್ಚಿಯ ಆಸ್ಪತ್ರೆಗೆ ಹೋಗುವ ರೋಗಿ, ಕಾಲೇಜಿಗೆ ಹೋಗುವ ಹುಡುಗಿ, ಸಾವಿನ ಮನೆಗೆ ಧಾವಿಸುವ ಬಂಧು, ಎಲ್ಲರಿಗೂ ಅದೇ ಹಡಗು, ಹದಿನಾಲ್ಕರಿಂದ ಇಪ್ಪತ್ತು ಗಂಟೆಯ ಅದೇ ಪಯಣ. ಟಿಕೆಟ್ ಸಿಗುವುದಿಲ್ಲವೆಂಬುದು ಅವರ ಹಳೆಯ ದೂರು. ಹಡಗಿನ ಟಿಕೆಟು ಅಗ್ಗವಾಗಿರುವುದು ಸರ್ಕಾರ ಆ ಜನರಿಗಾಗಿ ನಷ್ಟ ಭರಿಸುವುದರಿಂದ. ಆ ರಿಯಾಯಿತಿಯ ಆಸನವನ್ನು ಪ್ಯಾಕೇಜಿಗೆ ಸೇರಿಸಿ ‘ಉಳಿತಾಯ’ವೆಂದು ಕರೆದರೆ, ಉಳಿದದ್ದು ಯಾರ ಜೇಬಿನಿಂದ?

ಈಗ ಹವಳಕ್ಕೆ ಬರೋಣ. ನೀರಿನ ಉಷ್ಣತೆ ಬೇಸಿಗೆಯ ರೂಢಿಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಏರಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನೊಳಗೆ ಆಹಾರ ತಯಾರಿಸಿಕೊಡುವ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬಿಳಿಚಿತು. 2024ರಲ್ಲಿ ಮತ್ತೆ ಬಿಳಿಚಿತು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು ಎರಡು ದಶಕಗಳಿಗೂ ಮಿಕ್ಕಿ ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಮುಳುಗಿ ಅಳೆದಿದ್ದಾರೆ. 1998ರಲ್ಲಿ ಶೇಕಡ 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ರ ವೇಳೆಗೆ ಸುಮಾರು ಅರ್ಧಕ್ಕೆ ಇಳಿದಿತ್ತು. ಬಂಗಾರಂ ಬಳಿಯ ಪರಾಲಿ–1 ಎಂಬ ನಿರ್ಜನ ದ್ವೀಪ ಕೊರೆದು ಕೊಚ್ಚಿ ಪೂರ್ಣವಾಗಿ ಮರೆಯಾಗಿದೆ ಎಂಬ ಅಧ್ಯಯನ 2017ರಲ್ಲಿ ಹೊರಬಂತು.

ಹವಳ ಸತ್ತರೆ ನೋಟ ಕೆಡುವುದಷ್ಟೇ ಅಲ್ಲ. ಅಲೆಯ ಪೆಟ್ಟನ್ನು ಮೊದಲು ತಿನ್ನುವ ಗೋಡೆ ಅದು. ದ್ವೀಪಕ್ಕೆ ಮರಳು ಒದಗಿಸುವ ಗಣಿ ಅದು. ಊಟದ ಮೂಲವೂ ಅದೇ. ಲಕ್ಷದ್ವೀಪದ ಮೀನುಗಾರರು ಟ್ಯೂನಾವನ್ನು ಬಲೆಯಿಂದ ಬಳಿಯುವುದಿಲ್ಲ. ಕೋಲಿಗೆ ಗಾಳ ಕಟ್ಟಿ ಒಂದೊಂದಾಗಿ ಎತ್ತುತ್ತಾರೆ. ಅದಕ್ಕೆ ಬೇಕಾದ ಜೀವಂತ ಎರೆಮೀನು ಸಿಗುವುದು ದಿಬ್ಬದೊಳಗಿನ ಲಗೂನಿನಲ್ಲಿ, ಹವಳದ ಆಸರೆಯಲ್ಲಿ. ಹವಳವಿಲ್ಲದಿದ್ದರೆ ಎರೆಯಿಲ್ಲ, ಎರೆಯಿಲ್ಲದಿದ್ದರೆ ಟ್ಯೂನಾ ಇಲ್ಲ.

ಸಮುದ್ರವನ್ನು ಕಾಯಿಸಿದ್ದು ಬಡ ಪ್ರವಾಸಿಗನೇ ಎಂದು ಕೇಳಬಹುದು. ಅಲ್ಲ. ಆದರೆ ಜ್ವರದಿಂದ ನರಳುವವನ ಎದೆಯ ಮೇಲೆ ಕೂರುವುದು, ಜ್ವರ ತಂದವನು ನಾನಲ್ಲ ಎಂಬ ಕಾರಣಕ್ಕೆ ನ್ಯಾಯವಾಗುವುದಿಲ್ಲ. ಬಿಳಿಚಿದ ಹವಳ ಚೇತರಿಸಿಕೊಳ್ಳಬೇಕಾದರೆ ಶುದ್ಧ ನೀರೂ ಕೆಲವು ವರ್ಷಗಳ ನೆಮ್ಮದಿಯೂ ಬೇಕು. ಕೊಳಚೆ, ಲಂಗರು, ತುಳಿತ, ಹೂಳು ಆ ನೆಮ್ಮದಿಯನ್ನೇ ಕಸಿಯುತ್ತವೆ.

ಇಲ್ಲಿ ಇನ್ನೊಂದು ಬಣ ಎದ್ದು ನಿಲ್ಲುತ್ತದೆ: ‘ಅದಕ್ಕೇ ನಾವು ಹೇಳುವುದು, ಅಗ್ಗದ ಪ್ರವಾಸಿಗರನ್ನು ತಡೆದು ಹಣವುಳ್ಳ ಕೆಲವರನ್ನು ಮಾತ್ರ ಕರೆಯೋಣ.’ ಈ ವಾದ ಅಗ್ಗದ ಜಾಹೀರಾತಿಗಿಂತಲೂ ಅಪಾಯಕಾರಿ. ಮಿನಿಕಾಯ್, ಕಡಮತ್, ಸುಹೇಲಿಗಳಲ್ಲಿ ಲಗೂನಿನ ಮೇಲೆ ಕಂಬ ನೆಟ್ಟು ನೀರ್ಮನೆಗಳನ್ನು ಕಟ್ಟುವ ಯೋಜನೆ ಹುಟ್ಟಿದ್ದು ಇದೇ ತರ್ಕದಿಂದ. ಎರೆಮೀನಿನ ತೊಟ್ಟಿಲಿನಲ್ಲಿ ಕಂಬ ಹೂಳುವುದು ಯಾವ ಪರಿಸರಸ್ನೇಹ? ಹವಾನಿಯಂತ್ರಣ, ಈಜುಕೊಳ, ದಿನಕ್ಕೆರಡು ಬಾರಿ ಒಗೆದ ಹಾಸುಗಳು, ವಿಮಾನದಲ್ಲಿ ಬಂದ ಹಣ್ಣು ಬೇಡುವ ಒಬ್ಬ ಅತಿಥಿ, ಬಕೆಟ್ಟಿನಲ್ಲಿ ಸ್ನಾನ ಮಾಡಿ ಮೀನು–ಅನ್ನ ಉಣ್ಣುವ ಹಲವು ವಿದ್ಯಾರ್ಥಿಗಳಿಗಿಂತ ಭಾರ. 2021ರಲ್ಲಿ ಬಂದ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮ ಭೂಮಿಯ ಮೇಲೆ ಆಡಳಿತಕ್ಕೆ ಅಪಾರ ಅಧಿಕಾರ ಕೊಡಹೊರಟಾಗ ದ್ವೀಪದ ಜನ ಒಗ್ಗಟ್ಟಾಗಿ ಪ್ರತಿಭಟಿಸಿದ್ದು ಸುಮ್ಮನೆಯಲ್ಲ.

ಮಾಲ್ಡೀವ್ಸ್ ಈ ಎರಡು ದಾರಿಗಳನ್ನೂ ನಡೆದು ನೋಡಿದೆ. 1972ರಿಂದ ಅಲ್ಲಿ ನಿರ್ಜನ ದ್ವೀಪಗಳಲ್ಲಿ ಐಷಾರಾಮಿ ರೆಸಾರ್ಟುಗಳು ಬೆಳೆದವು; ಊರಿನವರು ಅಲ್ಲಿ ಕೂಲಿಗಳಾದರು. 2009ರ ನಂತರ ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಅವಕಾಶ ಸಿಕ್ಕಿ, ನಾಲ್ಕು ಕೋಣೆಯ ಮನೆಯವನೂ ಸಂಪಾದಿಸಿದ. ಇದು ನ್ಯಾಯದ ಹೆಜ್ಜೆ. ಆದರೆ ಕಸಕ್ಕೆ ನೆಲವಿರಲಿಲ್ಲ. ತೊಂಬತ್ತರ ದಶಕದಿಂದ ತಿಲಫುಶಿಯೆಂಬ ಲಗೂನಿಗೆ ಕಸ ಸುರಿದು ಸುರಿದು ಅದೇ ಒಂದು ದ್ವೀಪವಾಯಿತು. 2014ರ ಡಿಸೆಂಬರಿನಲ್ಲಿ ರಾಜಧಾನಿ ಮಾಲೆಯ ನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ತಗುಲಿದಾಗ ಲಕ್ಷಕ್ಕೂ ಹೆಚ್ಚು ಜನ ಕುಡಿಯುವ ನೀರಿಲ್ಲದೆ ನಿಂತರು. ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳಿಸಬೇಕಾಯಿತು. ಸುತ್ತಲೂ ನೀರು, ಕುಡಿಯಲು ಮಾತ್ರ ಪರದೇಶದ ನೀರು!

ಹಾಗಾದರೆ ಹೋಗಲೇಬಾರದೇ? ಹೋಗಬಹುದು. ಆದರೆ ಮಿತವ್ಯಯಕ್ಕೆ ಅದರ ನಿಜವಾದ ಅರ್ಥವನ್ನು ಮರಳಿ ಕೊಡಬೇಕು. ಹಣದಲ್ಲಿ ಮಿತವಾಗಿರುವವನು ನೀರಿನಲ್ಲಿ, ಕಸದಲ್ಲಿ, ಡೀಸೆಲ್ಲಿನಲ್ಲಿ ಮಿತವಾಗಿರಲಿ. ಪರವಾನಗಿಯ ನಿಯಮವನ್ನು ಅಡ್ಡಿಯೆಂದು ಜರೆಯದಿರಲಿ; 1967ರಿಂದ ಆ ದ್ವೀಪಗಳು ಉಳಿದು ಬಂದದ್ದರಲ್ಲಿ ಅದರ ಪಾಲೂ ಇದೆ. ದ್ವೀಪದವರ ಮನೆಯಲ್ಲೇ ಉಳಿದು, ಅವರ ತೆಂಗು, ಅವರ ಟ್ಯೂನಾ, ಅವರ ಒಣಗಿಸಿದ ಮಾಸ್ ಉಣ್ಣಲಿ. ಎರಡು ದಿನದ ಓಟ ಮೂರು ಬಾರಿ ಮಾಡುವ ಬದಲು ಒಮ್ಮೆ ಹೋಗಿ ವಾರವಿದ್ದು ಬರಲಿ. ಏಪ್ರಿಲ್–ಮೇ ತಿಂಗಳ ನೀರಿನ ಬರದ ಕಾಲವನ್ನು ಬಿಡಲಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಲಿ. ಹವಳದ ಮೇಲೆ ಕಾಲಿಡದಿರಲಿ.

ಇದಿಷ್ಟೂ ವ್ಯಕ್ತಿಯ ಶಿಸ್ತು. ವ್ಯಕ್ತಿಯ ಶಿಸ್ತಿನಿಂದ ಮಾತ್ರ ದ್ವೀಪ ಉಳಿಯದು. ಪ್ರತಿ ದ್ವೀಪಕ್ಕೆ ಎಷ್ಟು ಮಂದಿ ಎಂಬುದನ್ನು ಬೇಸಿಗೆಯ ಬಾವಿಯ ಉಪ್ಪು ನಿರ್ಧರಿಸಬೇಕು, ಹೋಟೆಲಿನ ಕೋಣೆಗಳಲ್ಲ. ಹಡಗಿನ ಆಸನಗಳಲ್ಲಿ ರೋಗಿ, ವಿದ್ಯಾರ್ಥಿಗಳದೇ ಮೊದಲ ಪಾಲಾಗಬೇಕು. ಲಗೂನಿನಲ್ಲಿ ಯಾವ ಕಟ್ಟಡಕ್ಕೂ ಅನುಮತಿ ಕೂಡದು. ಅತಿಥಿಯನ್ನು ಇರಿಸಿಕೊಳ್ಳುವ ಮೊದಲ ಹಕ್ಕು ದ್ವೀಪದ ಮನೆಗಳಿಗೆ, ಬೇಡವೆನ್ನುವ ಕೊನೆಯ ಹಕ್ಕು ದ್ವೀಪದ ಗ್ರಾಮಸಭೆಗಳಿಗೆ ಇರಬೇಕು.

ಇದನ್ನು ಬೆಟ್ಟದ ಪತ್ರಿಕೆಯಲ್ಲಿ ಬರೆಯುತ್ತಿರುವುದೇಕೆಂದು ಕೇಳುವವರಿಗೆ ಒಂದು ನೆನಪು. ಲಕ್ಷದ್ವೀಪದ ಚಿತ್ರಗಳು ದೇಶವನ್ನು ಸುತ್ತಿದ ಅದೇ 2024ರ ಜನವರಿಯ ಕೊನೆಯಲ್ಲಿ, ಕುಮಾರಪರ್ವತದ ಕಾಲುಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿ, ಅರಣ್ಯ ಇಲಾಖೆ ಚಾರಣಕ್ಕೆ ತಾತ್ಕಾಲಿಕ ತಡೆ ಹಾಕಬೇಕಾಯಿತು. ಅಲ್ಲಿಯೂ ಮಾರಾಟವಾದದ್ದು ‘ಕಡಿಮೆ ಖರ್ಚಿನ ಸ್ವರ್ಗ’ವೇ. ನಮ್ಮ ಅಬ್ಬಿ ನೀರು, ನಮ್ಮ ಹುಲ್ಲುಗಾವಲು, ನಮ್ಮ ಹೋಂಸ್ಟೇಯ ಹಿಂದಿನ ಕಸದ ಗುಂಡಿ, ಇವುಗಳ ಲೆಕ್ಕವೂ ಆ ಪ್ಯಾಕೇಜಿನ ದರದಲ್ಲಿ ಇರುವುದಿಲ್ಲ. ಸಮುದ್ರದ ನಡುವಿನ ಮರಳೂ ಮೋಡದ ನಡುವಿನ ಶೋಲೆಯೂ ಒಂದೇ ಅರ್ಥದಲ್ಲಿ ದ್ವೀಪಗಳು: ಕಳೆದುಕೊಂಡರೆ ಪಕ್ಕದಿಂದ ತಂದು ತುಂಬಲು ಬರುವುದಿಲ್ಲ.

ನಮ್ಮ ಗುಡ್ಡಕ್ಕೆ ಬರುವವರಿಂದ ನಾವು ಯಾವ ಮರ್ಯಾದೆಯನ್ನು ಬಯಸುತ್ತೇವೋ, ಅದನ್ನೇ ನಾವು ದ್ವೀಪಕ್ಕೆ ಹೊತ್ತು ಹೋಗಬೇಕು. ಮುಂದಿನ ರಜೆಗೆ ಚೀಲ ಕಟ್ಟುವ ವಿದ್ಯಾರ್ಥಿಮಿತ್ರರು ಪ್ಯಾಕೇಜಿನವನಿಗೆ ಮೂರು ಪ್ರಶ್ನೆ ಹಾಕಲಿ: ನಾನು ಕುಡಿಯುವ ನೀರು ಯಾವ ಬಾವಿಯದು? ನನ್ನ ಕಸ ಎಲ್ಲಿಗೆ ಹೋಗುತ್ತದೆ? ನಾನು ಕೊಟ್ಟ ಹಣದಲ್ಲಿ ದ್ವೀಪದ ಮನೆಗೆ ಎಷ್ಟು ಸೇರುತ್ತದೆ? ಉತ್ತರ ಬಾರದಿದ್ದರೆ, ಆ ದರ ಎಷ್ಟೇ ಅಗ್ಗವಾಗಿರಲಿ, ಅದನ್ನು ತಿರಸ್ಕರಿಸುವ ಸ್ವಾಭಿಮಾನ ನಮ್ಮ ಮಲೆನಾಡಿನ ಮಕ್ಕಳಿಗಿರಲಿ.